ಒಂದು ಮತದ ಸೋಲು

ಚುನಾವಣೆ ಬಂತೆಂದರೆ ಸಂತೇಮರಹಳ್ಳಿಯ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಚಾಮರಾಜನಗರ ಜಿಲ್ಲೆಯ ಆ ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿ ಆ ಸೀಮೆಗೆ ಹೊಸಬರೇನಲ್ಲ, ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ.

ಈ ಸೋಲಿಗೆ ಒಂದು ಕಾರಿನ ಕಥೆ ಅಂಟಿಕೊಂಡಿದೆ. ಮತದಾನದ ದಿನ ಕೃಷ್ಣಮೂರ್ತಿಯವರ ಡ್ರೈವರ್‌ಗೆ ಓಟು ಹಾಕಲು ಬಿಡುವೇ ಸಿಗಲಿಲ್ಲವಂತೆ. ‘ಅವನೊಬ್ಬ ಹಾಕಿದ್ದರೆ ಗೆದ್ದೇಬಿಡುತ್ತಿದ್ದರು’ ಎನ್ನುವವರಿದ್ದಾರೆ. ಲೆಕ್ಕ ಹಾಗಿಲ್ಲ. ಆ ಓಟು ಅವರಿಗೇ ಬಿದ್ದಿದ್ದರೂ ಇಬ್ಬರೂ 40,752ಕ್ಕೆ ನಿಲ್ಲುತ್ತಿದ್ದರು, ಅಷ್ಟೆ.

ಸಮಸಮ ಬಂದರೆ ಏನು ಮಾಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಮತ್ತೆ ಮತದಾನವಿಲ್ಲ. ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಿ ತೀರ್ಮಾನಿಸಬೇಕು. ಚೀಟಿ ಯಾರ ಪಾಲಿಗೆ ಬಂತೋ ಅವರಿಗೆ ಒಂದು ಮತ ಹೆಚ್ಚಿಗೆ ಬಿತ್ತೆಂದು ಭಾವಿಸಿ ಫಲಿತಾಂಶ ಸಾರಬೇಕು. ಅದೃಷ್ಟದಿಂದ ಗೆದ್ದವರನ್ನೂ ಕಾನೂನು ಮತದಿಂದ ಗೆದ್ದವರ ಸಾಲಿಗೇ ಸೇರಿಸುತ್ತದೆ. ಈ ಜಾಣತನ ನನಗೆ ಹಿಡಿಸಿದೆ. ಅಂದರೆ ಡ್ರೈವರ್‌ನ ಓಟಿನಿಂದ ಸಿಗುತ್ತಿದ್ದುದು ಗೆಲುವಲ್ಲ, ಗೆಲುವಿನ ಅರ್ಧ ಅವಕಾಶ. ಕ್ಷೇತ್ರದಲ್ಲಿ ಮನೆಯಲ್ಲೇ ಉಳಿದ ಪ್ರತಿಯೊಬ್ಬರ ಓಟಿನ ತೂಕವೂ ಅಷ್ಟೇ ಇತ್ತು. ಬೈಗುಳ ಮಾತ್ರ ಸ್ಟೀರಿಂಗ್ ಹಿಡಿದವನಿಗೆ! ಮತದಾನದ ದಿನ ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂಬ ನಿಯಮ 1996ರಲ್ಲೇ ಕಾಯ್ದೆಗೆ ಸೇರಿತ್ತು ಎಂಬುದನ್ನೂ ನೆನಪಿಡೋಣ.

ಸೋತವರಿಗೆ ಉಳಿಯುವ ದಾರಿ ಎರಡು. ಎಣಿಕೆಯ ಕೋಣೆಯಲ್ಲೇ ಕಾರಣ ಬರೆದುಕೊಟ್ಟು ಮರುಎಣಿಕೆ ಕೇಳಬಹುದು. ಇಲ್ಲವೇ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಮತಯಂತ್ರ ಬಂದ ಮೇಲೆ ಮೊದಲನೆಯದಕ್ಕೆ ಹಿಂದಿನ ಕಾವಿಲ್ಲ, ಯಂತ್ರ ಅದೇ ಸಂಖ್ಯೆಯನ್ನು ಮತ್ತೆ ತೋರಿಸುತ್ತದೆ. ವಾದಕ್ಕೆ ಜಾಗವಿರುವುದು ಮುಖ್ಯವಾಗಿ ಅಂಚೆ ಮತಗಳಲ್ಲಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16 ಮತಗಳ ಅಂತರಕ್ಕೆ ಗದ್ದಲವೆದ್ದದ್ದೂ ಅವುಗಳ ಸುತ್ತಲೇ.

ಕೃಷ್ಣಮೂರ್ತಿ ಅಲ್ಲಿಗೇ ನಿಲ್ಲಲಿಲ್ಲ. 2009ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ನಿಂತು ಮತ್ತೆ ಧ್ರುವನಾರಾಯಣರಿಗೇ ಸೋತರು, 2014ರಲ್ಲೂ ಅಷ್ಟೇ. ಕೊನೆಗೆ 2023ರಲ್ಲಿ ಅದೇ ಧ್ರುವನಾರಾಯಣರ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ 59,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಧ್ರುವನಾರಾಯಣ ಆ ವರ್ಷದ ಮಾರ್ಚಿನಲ್ಲಷ್ಟೇ ತೀರಿಕೊಂಡಿದ್ದರು. ಹಳೆಯ ಲೆಕ್ಕ ಚುಕ್ತಾ ಮಾಡಲು ಸಂತೇಮರಹಳ್ಳಿ ಕ್ಷೇತ್ರವೂ ಇರಲಿಲ್ಲ. 2008ರ ಮರುವಿಂಗಡಣೆಯಲ್ಲಿ ಅದು ಪಟ್ಟಿಯಿಂದಲೇ ಹೋಗಿತ್ತು.