ಹಳೆಯ ಪ್ರೊಸೆಸರ್‌ಗಳನ್ನು ಕೈಬಿಡುವ ಮುನ್ನ



ಕ್ಲೌಡ್ ಎಂದರೆ ಬಾಡಿಗೆಗೆ ಸಿಗುವ ಕಂಪ್ಯೂಟರು. ಅದರ ಮೇಲೆ ಮೊದಲು ಕೂರಿಸುವುದು ಒಂದು ಸಿದ್ಧ ಇಮೇಜ್. ಆಪರೇಟಿಂಗ್ ಸಿಸ್ಟಮ್ ಹಾಕಿಟ್ಟ ಡಿಸ್ಕಿನ ಪೂರ್ತಿ ಪ್ರತಿ. ಈ ಇಮೇಜುಗಳಲ್ಲಿ ಹಳೆಯ ಪ್ರೊಸೆಸರ್‌ಗಳಿಗೆ ಎಲ್ಲಿಯವರೆಗೆ ಜಾಗ ಕೊಡಬೇಕು ಎಂಬ ಪ್ರಶ್ನೆ ಲಿನಕ್ಸ್ ತಯಾರಕರ ಮುಂದಿದೆ. ಅವರು ತೀರ್ಮಾನಿಸಿದ್ದು ಕೊನೆಗೆ ನಮ್ಮೂರು ಕದ್ರಾದ ಮೇಜಿನ ಮೇಲಿನ ಪಿಸಿಗೂ ಬರುತ್ತದೆ. ಅದಕ್ಕೇ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಕೈಬಿಡಬೇಕೆನ್ನುವವರ ವಾದ ಹಗುರವಾದುದಲ್ಲ. ಒಂದು ಬಗೆಯ ಪ್ರೊಸೆಸರನ್ನು ಉಳಿಸಿಕೊಂಡರೆ ಸಾವಿರಾರು ಪ್ಯಾಕೇಜುಗಳನ್ನು ಅದಕ್ಕೆಂದೇ ಕಂಪೈಲ್ ಮಾಡಬೇಕು, ಪರೀಕ್ಷಿಸಬೇಕು, ಭದ್ರತಾ ದೋಷ ಕಂಡಾಗಲೆಲ್ಲ ತಿದ್ದಬೇಕು. 32 ಬಿಟ್‌ನ ಕಾಲ ಮುಗಿಯುತ್ತ ಬಂದದ್ದು ಹೀಗೆ. ಲಿನಕ್ಸ್ ಕರ್ನಲ್ 2012ರ ಡಿಸೆಂಬರಿನಲ್ಲಿ 386 ಚಿಪ್ಪನ್ನು ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಡೇಟಾ ಸೆಂಟರಿನ ಬಾಡಿಗೆದಾರರಿಗೆ ಇದರಿಂದ ನಷ್ಟವಿಲ್ಲ. ಅಲ್ಲಿ ಯಂತ್ರ ಬದಲಿಸುವುದು ಮಾಲೀಕರ ಕೆಲಸ.

ತೊಡಕಿರುವುದು 64 ಬಿಟ್‌ನ ಒಳಗೇ. 2020ರಲ್ಲಿ ಇಂಟೆಲ್, ಎಎಂಡಿ, ರೆಡ್ ಹ್ಯಾಟ್, ಸೂಸೆ ಸೇರಿ ಈ ಚಿಪ್ಪುಗಳನ್ನು ಸಾಮರ್ಥ್ಯ ನೋಡಿ ನಾಲ್ಕು ಮಟ್ಟಗಳಾಗಿ ವಿಂಗಡಿಸಿದವು. 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಎರಡನೆಯ ಮಟ್ಟ ಕೇಳಿತು. 2025ರ 10ನೆಯ ಆವೃತ್ತಿ ಮೂರನೆಯದನ್ನು ಕೇಳುತ್ತದೆ. ಮೂರನೆಯದಕ್ಕೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಚಿಪ್ಪಿನಲ್ಲಿರಬೇಕು. ಇಂಟೆಲ್ ಅದನ್ನು 2013ರ ಹ್ಯಾಸ್‌ವೆಲ್ ಚಿಪ್ಪಿನಲ್ಲಿ ತಂದಿತು. ಅಷ್ಟು ಹಳೆಯದನ್ನು ಬಿಟ್ಟರೇನು ಎನ್ನಿಸುವುದು ಸಹಜ. ಆದರೆ ಅಗ್ಗದ ಸೆಲೆರಾನ್, ಪೆಂಟಿಯಂಗಳಿಗೆ ಕಂಪನಿ ಅದನ್ನು ವರ್ಷಗಟ್ಟಲೆ ಕೊಡಲೇ ಇಲ್ಲ. 2020ರ ಕಾಮೆಟ್ ಲೇಕ್ ಸೆಲೆರಾನಿನಲ್ಲೂ ಇಲ್ಲ. ಅಂಥ ಪಿಸಿ ಕೊಳ್ಳುವವರು ಯಾರು? ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಕೊಳ್ಳುವ ಶಾಲೆ, ಸೊಸೈಟಿ, ಜೆರಾಕ್ಸ್ ಅಂಗಡಿಯವರು. ವಯಸ್ಸು ನೋಡಿ ಗೆರೆ ಎಳೆದೆವು ಎನ್ನುವವರು ನಿಜವಾಗಿ ಬೆಲೆ ನೋಡಿ ಎಳೆದಂತಾಗಿದೆ. ನನ್ನ ತಕರಾರು ಇಲ್ಲಿದೆ.

ಗೆರೆಯ ಆಚೆ ಉಳಿದವರಿಗೆ ಏನಾಗುತ್ತದೆ? ರೆಡ್ ಹ್ಯಾಟ್‌ನ ಒಂಬತ್ತನೆಯ ಆವೃತ್ತಿಯ ಇಮೇಜನ್ನು ಮೊದಲ ಮಟ್ಟದ ಯಂತ್ರದಲ್ಲಿ ಚಾಲೂ ಮಾಡಿದರೆ, ಈ ಪ್ರೊಸೆಸರಿಗೆ ಎರಡನೆಯ ಮಟ್ಟದ ಬೆಂಬಲವಿಲ್ಲ ಎಂಬ ಒಂದು ಸಾಲು ಬಂದು ಎಲ್ಲ ನಿಲ್ಲುತ್ತದೆ. ಹೊಸ ಸರ್ವರಿನಲ್ಲೂ ಇದು ಆಗಬಹುದು. ಸರ್ವರಿನೊಳಗೆ ನಡೆಯುವ ವರ್ಚುವಲ್ ಯಂತ್ರಕ್ಕೆ ‘ಕೆವಿಎಂ64’ ಎಂಬ ಸಾಮಾನ್ಯ ಪ್ರೊಸೆಸರನ್ನು ತೋರಿಸಿದ್ದರೆ ಒಳಗಿನ ಸಿಸ್ಟಮ್‌ಗೆ ಅಸಲಿ ಚಿಪ್ಪಿನ ಸಾಮರ್ಥ್ಯ ಕಾಣುವುದೇ ಇಲ್ಲ. ಸೆಟ್ಟಿಂಗಿನಲ್ಲಿ ‘ಹೋಸ್ಟ್’ ಆರಿಸಿದರೆ ಸರಿಹೋಗುತ್ತದೆ. ಇದು ತಿಳಿಯದೆ ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ.

ಕಾಳಿ ನದಿಯ ಅಣೆಕಟ್ಟುಗಳ ಸಾಲಿನಲ್ಲಿ ಕದ್ರಾ ಕೊನೆಯದು. 2019ರ ಆಗಸ್ಟಿನ ನೆರೆ ಇಲ್ಲಿ ಕುಳಿತ ಯಾರಿಗೂ ಮರೆತಿಲ್ಲ. ಗೇಟು ತೆರೆಯಲೇಬಾರದೆಂದು ಕೆಳದಂಡೆಯವರು ಹೇಳುವುದಿಲ್ಲ. ಸಾಮಾನು ಎತ್ತಿಡಲು ಹೊತ್ತು ಸಿಗುವಂತೆ ಮೊದಲೇ ತಿಳಿಸಿ ಎನ್ನುತ್ತಾರೆ. ಸಾಫ್ಟ್‌ವೇರ್ ತಯಾರಕರಿಂದ ನಾವು ಕೇಳಬೇಕಾದದ್ದೂ ಇಷ್ಟೇ. 2019ರ ಜೂನ್‌ನಲ್ಲಿ ಉಬುಂಟು ಲಿನಕ್ಸ್, ಅಕ್ಟೋಬರಿನ ಆವೃತ್ತಿಯಿಂದಲೇ 32 ಬಿಟ್ ಪ್ಯಾಕೇಜುಗಳಿಲ್ಲ ಎಂದಿತು. ಹಳೆಯ ಆಟಗಳನ್ನು ನಡೆಸುವವರು ಗದ್ದಲವೆಬ್ಬಿಸಿದಾಗ ವಾರದೊಳಗೇ ತಿದ್ದಿಕೊಂಡು, ಆಯ್ದ ಪ್ಯಾಕೇಜುಗಳನ್ನು ಉಳಿಸಿತು. ಆಟದವರಿಗೆ ದನಿಯಿತ್ತು. ಶಾಲೆಯ ಲ್ಯಾಬಿನ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಇಂಟರ್‌ನೆಟ್ಟಿಲ್ಲದ ಯಂತ್ರ ಯಾವ ಬಳಕೆಯ ಲೆಕ್ಕದಲ್ಲೂ ಸೇರುವುದಿಲ್ಲ.

ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ರೂಪಿಸಿ ಕೊಡುತ್ತದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿ ಕಲಿಯುತ್ತಾರೆ. ಮೂಲದವರು ಬಿಟ್ಟದ್ದನ್ನು ಇಂಥ ಸಂಸ್ಥೆ ತಾನೊಂದೇ ಹೊತ್ತು ನಡೆಸುವುದು ಕಷ್ಟ. ರೆಡ್ ಹ್ಯಾಟ್‌ಗೆ ಹೊಂದುವ ಅಲ್ಮಾಲಿನಕ್ಸ್ ಹಿಡಿದ ದಾರಿ ನನಗೆ ಮೆಚ್ಚುಗೆಯಾಯಿತು. ಅದರ 10ನೆಯ ಆವೃತ್ತಿ ಮೂರನೆಯ ಮಟ್ಟದ್ದೇ ಆದರೂ, ಎರಡನೆಯ ಮಟ್ಟದವರಿಗೆ ಬೇರೆ ಪ್ರತಿಯನ್ನೂ ಕೊಟ್ಟಿತು. ಕ್ಲೌಡ್ ಇಮೇಜಿನಲ್ಲಿ ಮಟ್ಟ ಏರಿಸಲಿ, ನನ್ನ ಅಡ್ಡಿಯಿಲ್ಲ. ಕ್ಲೌಡ್‌ನ ಲೆಕ್ಕವನ್ನೇ ತೋರಿಸಿ ಮೇಜಿನ ಮೇಲಿನ ಪಿಸಿಯನ್ನು ಹೊರಗಿಡುವುದನ್ನು ಮಾತ್ರ ಒಪ್ಪಲಾರೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಸಿಪಿಯು’ ಕಮಾಂಡ್ ಕೊಡಿ. ‘ಫ್ಲ್ಯಾಗ್ಸ್’ ಎಂಬ ಉದ್ದನೆಯ ಸಾಲಿನಲ್ಲಿ ಎವಿಎಕ್ಸ್2 ಇದೆಯೇ ನೋಡಿ, ಚಿಪ್ಪಿನ ಹೆಸರಿನೊಂದಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಡಿ. ಇಲ್ಲದಿದ್ದರೂ ಗಾಬರಿ ಬೇಡ. ಎರಡನೆಯ ಮಟ್ಟದ ಯಂತ್ರಕ್ಕೆ ಅಲ್ಮಾಲಿನಕ್ಸ್ 9ರ ಭದ್ರತಾ ತಿದ್ದುಪಡಿಗಳು 2032ರ ಮೇವರೆಗೆ ಬರುತ್ತವೆ.