ಹಳೆಯ ಕಾರು ಮುಗ್ಗರಿಸಿದಾಗ: ಮೊದಲು ಕೇಳೋಣ, ಆಮೇಲೆ ಬಿಚ್ಚೋಣ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಗ್ಯಾರೇಜು ಕೆಲಸಗಾರರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೀಜ, ಗೊಬ್ಬರ, ಸಾಲ, ಠೇವಣಿಗಳ ಬಗ್ಗೆ ತಿಳಿದವರು ಮಾತನಾಡಿದ್ದಾರೆ. ನಾವು ಗ್ಯಾರೇಜಿನವರು, ಕೈಗೆ ಆಯಿಲ್ ಮೆತ್ತಿಕೊಂಡವರು. ನಮ್ಮನ್ನೂ ಕರೆದು "ನಿಮಗೆ ಗೊತ್ತಿರೋದನ್ನ ನಾಲ್ಕು ಮಾತು ಹೇಳ್ರಿ" ಎಂದದ್ದು ಸಂಘದ ಹಿರಿಯರ ದೊಡ್ಡ ಗುಣ. ನಮಗೆ ಗೊತ್ತಿರುವುದು ಹಳೆಯ ಎಂಜಿನ್ನಿನ ಕಾಯಿಲೆ. ಅದನ್ನೇ ಹೇಳುತ್ತೇವೆ.

ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ರಾತ್ರಿ ಹೊತ್ತು ದೊಡ್ಡ ಆಸ್ಪತ್ರೆ ಅಂದರೆ ನಮ್ಮ ಜನ ಈಗಲೂ ದಾವಣಗೆರೆ ದಾರಿಯನ್ನೇ ಹಿಡಿಯುತ್ತಾರೆ. ಆ ದಾರಿಯಲ್ಲಿ ಎಷ್ಟೋ ಮನೆಗಳನ್ನು ದಾಟಿಸಿದ್ದು ಹಳೆಯ ಅಂಬಾಸಿಡರು, ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರೂ ನಿಂತಿತು. ಕಂಪನಿ ನಿಲ್ಲಿಸಿದರೂ ಊರವರು ಅವನ್ನು ಬಿಟ್ಟಿಲ್ಲ.

ಈಗ ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಕಾರ್ಬುರೇಟರ್ ಇರುವ ಮಾರುತಿ 800 ತಂದರು. "ಸ್ಲೋದಾಗ ನಿಲ್ಲಂಗಿಲ್ಲ, ನಡುಗತೈತಿ. ಆಕ್ಸಿಲರೇಟರ್ ತುಳಿದ್ರೆ ಒಂದ್ ಕ್ಷಣ ಸತ್ತಂಗಾಗಿ ಆಮೇಲೆ ಎಳೀತೈತಿ" ಎಂದರು. ನಾವು ಕೇಳಿಸಿಕೊಂಡೆವು, ಆದರೆ ಯೋಚಿಸಲಿಲ್ಲ. ಪ್ಲಗ್ ಬದಲಾಯಿಸಿದೆವು. ವಾರ ಬಿಟ್ಟು ಬಂದರು, ಕಾಯಿಲ್ ಹಾಕಿದೆವು. ಮತ್ತೆ ಬಂದರು, ಕಾರ್ಬುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದೆವು. ಕೊನೆಗೆ "ಎಂಜಿನ್ ಬೋರ್ ಮಾಡಿಸಬೇಕು ಯಜಮಾನ್ರೇ" ಎಂದುಬಿಟ್ಟೆವು. ಅವರು ಸಾಲದ ಅರ್ಜಿ ಹಿಡಿದು ಓಡಾಡತೊಡಗಿದರು.

ಅಷ್ಟರಲ್ಲಿ ಒಂದು ರಾತ್ರಿ ಅವರ ಸೊಸೆಗೆ ಹೆರಿಗೆ ನೋವು ಬಂತು. ಅದೇ ಕಾರಿನಲ್ಲಿ ಹೊರಟರು. ರಸ್ತೆ ಉಬ್ಬಿನ ಹತ್ತಿರ ನಿಧಾನ ಮಾಡಿದ ಕೂಡಲೇ ಎಂಜಿನ್ ಸತ್ತಿತು, ಮತ್ತೆ ಹಿಡಿಯಲಿಲ್ಲ. ತರಕಾರಿ ಟೆಂಪೋದವನೊಬ್ಬ ದೇವರ ಹಾಗೆ ಬಂದು ಕರೆದೊಯ್ದ. ತಾಯಿ, ಕೂಸು ಇಬ್ಬರೂ ಉಳಿದರು. ಮಾರನೇ ದಿನ ಕಾರನ್ನು ಎಳೆದು ತಂದು, ಈ ಸಲ ಸಾವಕಾಶ ನೋಡಿದೆವು. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಹೋಗುವ ಒಂದು ಸಣ್ಣ ರಬ್ಬರ್ ಪೈಪು ಬಾಗಿದ ಕಡೆ, ಕೆಳಮಗ್ಗುಲಲ್ಲಿ ಸೀಳಿತ್ತು. ಅದನ್ನು ಬದಲಾಯಿಸಿದೆವು, ಎಂಜಿನ್ ಸುಮ್ಮನೆ ನಿಂತಿತು. ಬೋರೂ ಬೇಡ, ಸಾಲವೂ ಬೇಡ. ತೆಗೆದುಕೊಂಡಿದ್ದ ಕೂಲಿಯನ್ನು ವಾಪಸು ಕೊಟ್ಟೆವು. ಆ ರಾತ್ರಿಯ ಭಯವನ್ನು ವಾಪಸು ತೆಗೆದುಕೊಳ್ಳಲು ನಮ್ಮ ಕೈಲಾಗಲಿಲ್ಲ.

ಒಂದು ಸೀಳು ಇಷ್ಟೆಲ್ಲ ಯಾಕೆ ಮಾಡುತ್ತದೆ? ಎಂಜಿನ್ ಗಾಳಿ ಎಳೆಯುತ್ತದೆ. ಕಾರ್ಬುರೇಟರಿನ ಮೂಲಕ ಬಂದ ಗಾಳಿಗೆ ಪೆಟ್ರೋಲ್ ಬೆರೆಯುತ್ತದೆ, ಸೀಳಿನಿಂದ ಕಳ್ಳದಾರಿ ಹಿಡಿದು ಬಂದ ಗಾಳಿಗೆ ಬೆರೆಯುವುದಿಲ್ಲ. ಹೊಲದ ಕಾಲುವೆಯಲ್ಲಿ ಏಡಿ ತೂತು ಇದ್ದ ಹಾಗೆ. ನೀರು ಸಣ್ಣಗೆ ಹರಿಯುವಾಗ ಆ ತೂತೇ ದೊಡ್ಡದು, ಕಾಲುವೆ ತುಂಬಿ ಹರಿದರೆ ಅದು ಲೆಕ್ಕಕ್ಕಿಲ್ಲ. ಅದಕ್ಕೇ ಇಂಥ ಕಾರು ಸ್ಲೋದಲ್ಲಿ ನಡುಗುತ್ತದೆ, ಸ್ಪೀಡಿನಲ್ಲಿ ಸರಿಯಾಗಿ ಓಡುತ್ತದೆ. ರೈತರು ಹೇಳಿದ ಮಾತಿನಲ್ಲೇ ಉತ್ತರವಿತ್ತು, ನಾವು ಕೇಳಲಿಲ್ಲ.

ಆದ್ದರಿಂದ ಬಂಧುಗಳೇ, ಕಾರು ಮಿಸ್ಸಿಂಗ್ ಹೊಡೆದರೆ ಮೊದಲು ಯಾವಾಗ ಅಂತ ಗಮನಿಸ್ರಿ. ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ನಿಂತಾಗಲೋ, ಉಚ್ಚಂಗಿದುರ್ಗದ ಏರು ಹತ್ತುವಾಗಲೋ? ಪೆಟ್ರೋಲ್ ತುಂಬಿಸಿದ ಮೇಲೋ? ಇಷ್ಟು ಹೇಳಿದರೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ಹೋಗಬೇಕು.

ಮೊದಲನೆಯದು ಗಾಳಿ. ನಮ್ಮ ಕಡೆ ಬೇಸಿಗೆ ಧೂಳು ನಿಮಗೆ ಗೊತ್ತು. ಏರ್ ಫಿಲ್ಟರ್ ಕಟ್ಟಿದ್ದರೆ ಎಂಜಿನ್ನಿಗೆ ಉಸಿರಿಲ್ಲ. ಆಮೇಲೆ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಾಗಿಸಿ ನೋಡ್ರಿ. ಬಿಸಿ ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಚೋಕ್ ಸ್ವಲ್ಪ ಎಳೆಯಿರಿ. ನಡುಕ ಕಡಿಮೆಯಾದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಎಲ್ಲೋ ಗಾಳಿ ಒಳಬರುತ್ತಿದೆ, ಇಲ್ಲವೇ ಜೆಟ್ ಕಟ್ಟಿದೆ. ಇನ್ನೂ ಕೆಟ್ಟರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಎರಡನೆಯದು ಕಿಡಿ. ಪ್ಲಗ್ ಬಿಚ್ಚಿ ಬಣ್ಣ ನೋಡ್ರಿ. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಆಯಿಲ್ ಅಂಟಿದ್ದರೆ ಒಳಗೆ ಆಯಿಲ್ ಸೋರಿಕೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಹಳೆಯ ಪ್ಲಗ್ ವೈರಿನಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ. ಅಂಬಾಸಿಡರಿನಂಥ ಗಾಡಿಗಳಲ್ಲಿ ಪಾಯಿಂಟ್ ಸುಟ್ಟಿರಬಹುದು, ಗ್ಯಾಪ್ ಹೋಗಿರಬಹುದು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ. ನಾಲಿಗೆ ಹಿಡಿದು ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ಡಯಾಫ್ರಾಮ್ ಹರಿದಿದೆ. ಪಿಕಪ್ ಹೋಗಲು ಅದೂ ಒಂದು ಕಾರಣ.

ಮೂರನೆಯದು ಪೆಟ್ರೋಲ್. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರಿನೊಳಗೆ ನೋಡುತ್ತ ಆಕ್ಸಿಲರೇಟರ್ ಒತ್ತಿಸಿ. ಸಣ್ಣ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪ್ ಕೆಟ್ಟಿದೆ, ತುಳಿದಾಗ ಸತ್ತಂತಾಗುವುದು ಅದರಿಂದಲೇ. ಇನ್ನೊಂದು ಮಾತು. ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ 2025ರಲ್ಲಿ ನೂರಕ್ಕೆ 20ಕ್ಕೆ ಮುಟ್ಟಿದೆ. ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ಅದಕ್ಕೆ ಮಾಡಿದವಲ್ಲ, ಬೇಗ ಮೆತ್ತಗಾಗಬಹುದು, ಸೀಳಬಹುದು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಬಿಟ್ಟು ನೋಡ್ರಿ, ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕ್ ಖಾಲಿ ಮಾಡಿಸಿ.

ಕಟ್ಟಕಡೆಯದು ಎಂಜಿನ್ನಿನ ಒಳಗಿನ ಕೆಲಸ. ಕಂಪ್ರೆಷನ್ ಅಳೆಯದೆ ಬೋರ್ ಮಾತು ಎತ್ತುವವರನ್ನು ನಂಬಬೇಡಿ, ನಾವೇ ಆದರೂ ಸರಿ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿಸಿ ಮತ್ತೆ ಅಳೆಸಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಬಹುಮಟ್ಟಿಗೆ ವಾಲ್ವ್ ದೋಷ. ಎರಡಕ್ಕೂ ಖರ್ಚು ಬೇರೆ ಬೇರೆ.

2000ದ ಸುಮಾರಿಗೆ ಬಂದ ಫ್ಯುಯೆಲ್ ಇಂಜೆಕ್ಷನ್ ಕಾರುಗಳಿಗೆ ಕಾರ್ಬುರೇಟರ್ ಇಲ್ಲ, ಎಳೆಯುವ ಚೋಕೂ ಇಲ್ಲ. ಅಲ್ಲಿ ಥ್ರಾಟಲ್ ಬಾಡಿಯ ಮಸಿ ತೆಗೆಸಬೇಕು, ಎಚ್ಚರಿಕೆ ದೀಪ ಹತ್ತಿದ್ದರೆ ಅದರ ಕೋಡ್ ಓದಿಸಬೇಕು. ಪೈಪಿನ ಸೀಳು ಮಾತ್ರ ಅಲ್ಲಿಯೂ ಅದೇ ಕಾಟ ಕೊಡುತ್ತದೆ.

ಮನೆಯಲ್ಲಿ ಮಾಡುವವರಿಗೆ ಎಚ್ಚರಿಕೆಯ ಮಾತು. ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. ಬೀಡಿ ದೂರ ಇರಲಿ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬಗ್ಗಿ, ಫ್ಯಾನಿಗೆ ದಾಕ್ಷಿಣ್ಯವಿಲ್ಲ.

ಕೊನೆಗೆ ಆಡಳಿತ ಮಂಡಳಿಗೆ ಒಂದು ವಿನಂತಿ. ಯಾರಾದರೂ ಎಂಜಿನ್ ರಿಪೇರಿಗೆ ಸಾಲ ಕೇಳಿದರೆ, ಪ್ರತಿ ಸಿಲಿಂಡರಿನ ಕಂಪ್ರೆಷನ್ ಎಷ್ಟು ಎಂದು ಗ್ಯಾರೇಜಿನವರಿಂದ ಚೀಟಿ ಬರೆಸಿ ತರಲು ಹೇಳಿ. ಸದಸ್ಯ ಬಂಧುಗಳೂ ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಇದರಿಂದ ನಮಗೆ ಕೆಲಸ ಕಡಿಮೆಯಾಗಬಹುದು. ಆದರೆ ಊರಿನ ದುಡ್ಡು ಊರಿನಲ್ಲೇ ಉಳಿಯುತ್ತದೆ, ರಾತ್ರಿ ಹೊರಟ ಕಾರು ಆಸ್ಪತ್ರೆ ಮುಟ್ಟುತ್ತದೆ.

 ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಜೈ ಸಹಕಾರ.