ಹೊಸ್ತಿಲಲ್ಲಿ ನಿಂತ ಆಶಾ ಕಾರ್ಯಕರ್ತೆ
(ಸಮುದಾಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರ ಬಂಧುಗಳು ಇಂದಿಗೂ ಹಳ್ಳಿಗಳಲ್ಲಿದ್ದಾರೆ. ಅಲ್ಲಿ ಕುಟುಂಬ ಯೋಜನೆಯ ಮಾಹಿತಿಯನ್ನು ಮನೆಮನೆಗೆ ಒಯ್ಯುವವಳು ಆಶಾ ಕಾರ್ಯಕರ್ತೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ವ್ಯವಸ್ಥೆಯಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬಳು. ಆಕೆ ಸರಕಾರಿ ನೌಕರೆಯಲ್ಲ. ದೊರೆಯುವುದು ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಮಗುವಿನ ಚುಚ್ಚುಮದ್ದು ಎಂದಾಗ ತೆರೆಯುವ ಬಾಗಿಲು, ಸಂತಾನ ನಿಯಂತ್ರಣ ಎಂದೊಡನೆ ಮುಚ್ಚುತ್ತದೆ.

ಇದನ್ನು ಬರೀ ಅಜ್ಞಾನವೆನ್ನುವವರು ಚರಿತ್ರೆಯನ್ನು ಮರೆತಿದ್ದಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ನವೆಂಬರ್‌ನಲ್ಲಿ, ಹರಿಯಾಣದ ಮೇವಾತ್ ಪ್ರದೇಶದ ಉಟ್ಟಾವರ್ ಎಂಬ ಮುಸ್ಲಿಮ್ ಗ್ರಾಮವನ್ನು ಪೊಲೀಸರು ಸುತ್ತುವರಿದು, ಗಂಡಸರನ್ನು ಹಿಡಿದೊಯ್ದು ಬಲಾತ್ಕಾರದ ಶಸ್ತ್ರಚಿಕಿತ್ಸೆಗೆ ಗುರಿಪಡಿಸಿದರು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಹತ್ತಕ್ಕೂ ಹೆಚ್ಚು ಬಡ ತಾಯಂದಿರು ಮೃತಪಟ್ಟರು. ಅಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಂದಿಗೆ ಶಸ್ತ್ರಚಿಕಿತ್ಸೆ ನಡೆಸಿದ್ದರು! ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಮ್ ಕೋರ್ಟ್ ಹೇಳಬೇಕಾಯಿತು. ಸರಕಾರಗಳು ಮಾಡಿದ್ದರ ಭಾರವನ್ನು ಹೊರುತ್ತಿರುವುದು ಹೊಸ್ತಿಲಲ್ಲಿ ನಿಂತ ಆ ಹೆಣ್ಣುಮಗಳು.

ಶಸ್ತ್ರಚಿಕಿತ್ಸೆಗೆ ಒಬ್ಬರನ್ನು ಒಪ್ಪಿಸಿದರೆ ಆಕೆಗೆ ಹಣ ಸಿಗುತ್ತದೆಂಬುದು ಊರಿಗೆಲ್ಲ ಗೊತ್ತು. ಹೀಗಿರುವಾಗ ಆಕೆಯ ಪ್ರಾಮಾಣಿಕ ಸಲಹೆಯೂ ವ್ಯಾಪಾರದಂತೆ ಕಾಣುತ್ತದೆ. ದೋಷ ಯೋಜನೆಯದು, ಆಕೆಯದಲ್ಲ. ಇನ್ನು ಮುಸ್ಲಿಮರ ಜನಸಂಖ್ಯೆಯ ಹೆಸರಲ್ಲಿ ಭೀತಿ ಬಿತ್ತುವ ರಾಜಕೀಯ ಭಾಷಣಗಳು ಸಂಶಯವನ್ನು ಹೆಚ್ಚಿಸುತ್ತವೆ. ಮುಸ್ಲಿಮ್ ಮಹಿಳೆಯರ ಸರಾಸರಿ ಸಂತಾನ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 4.4 ಇದ್ದದ್ದು 2019-21ರಲ್ಲಿ 2.4ಕ್ಕೆ ಇಳಿದಿರುವುದನ್ನು ಆ ಭಾಷಣಕಾರರು ಹೇಳುವುದಿಲ್ಲ.

ಆದರೆ ನಮ್ಮೊಳಗೂ ನೋಡಿಕೊಳ್ಳಬೇಕಾದ್ದಿದೆ. ಅದೇ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಣ್ಣಿನ ಶಸ್ತ್ರಚಿಕಿತ್ಸೆ ಸುಮಾರು 38 ಶೇಕಡಾ, ಗಂಡಿನದು ಕೇವಲ 0.3. ಎಲ್ಲ ಸಮುದಾಯಗಳಲ್ಲೂ ಹೊಣೆ ಹೆಣ್ಣಿನದೇ. ನಿರ್ಧಾರ ಮಾತ್ರ ಗಂಡನದು, ಅತ್ತೆಯದು. ಬಡತನದ ಭಯದಿಂದ ಸಂತಾನವನ್ನು ಕೊಲ್ಲುವುದನ್ನು ಕುರ್‌ಆನ್ ನಿಷೇಧಿಸಿದೆ. ಅಗತ್ಯವಿಲ್ಲದ ಶಾಶ್ವತ ಸಂತಾನಹರಣವನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಹೆರಿಗೆಗಳ ನಡುವಿನ ಅಂತರ ಬೇರೆಯೇ ವಿಷಯ. ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂಬ ಹಝ್ರತ್ ಜಾಬಿರ್(ರ)ರ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ಗಝ್ಝಾಲಿಯವರು ಅದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಮಗುವಿಗೆ ಎರಡು ಪೂರ್ಣ ವರ್ಷ ಹಾಲುಣಿಸುವುದನ್ನು ಹೇಳುವ ಕುರ್‌ಆನ್, ಅದಕ್ಕೆ ಮುನ್ನ ಬಿಡಿಸುವುದಾದರೆ ದಂಪತಿಗಳ ಪರಸ್ಪರ ಸಮಾಲೋಚನೆಯನ್ನು ಬಯಸುತ್ತದೆ. ಅಂಥ ಸಮಾಲೋಚನೆ ನಮ್ಮ ಎಷ್ಟು ಮನೆಗಳಲ್ಲಿದೆ?

ಮಹಲ್ಲಾಗಳ ಖತೀಬರಲ್ಲಿ ನಮ್ಮದೊಂದು ವಿನಂತಿ. ಬಾಣಂತಿಯ ಆರೋಗ್ಯ ಮತ್ತು ಹೆರಿಗೆಗಳ ಅಂತರದ ಕುರಿತು ಜುಮಾದಂದು ಗಂಡಸರಿಗೆ ತಿಳಿಸಿ ಹೇಳಿರಿ. ಊರಿನ ಗಂಡಂದಿರನ್ನು ಕೂರಿಸಿ ಈ ಮಾತನ್ನಾಡುವುದು ಆಶಾ ಕಾರ್ಯಕರ್ತೆಗೆ ಸುಲಭವಲ್ಲ. ಮಿಂಬರ್‌ನಿಂದ ನೀವು ಆಡಬಲ್ಲಿರಿ.